ಟರ್ಮಿನಲ್‌ನಲ್ಲಿ ‘ಎಲ್‌ಎಸ್’ ಎಂದು ಎಂಟರ್ ಒತ್ತಿದ ಮೇಲೆ

ಪ್ರಶ್ನೆ: ನಾನು ಹಾಸನ ಜಿಲ್ಲೆಯ ಎಂಜಿನಿಯರಿಂಗ್ ಕಾಲೇಜೊಂದರಲ್ಲಿ ಕಂಪ್ಯೂಟರ್ ಸೈನ್ಸ್ ಐದನೇ ಸೆಮಿಸ್ಟರ್ ಓದುತ್ತಿದ್ದೇನೆ. ಹತ್ತನೇ ತರಗತಿವರೆಗೆ ಕನ್ನಡ ಮೀಡಿಯಂ. ಆಪರೇಟಿಂಗ್ ಸಿಸ್ಟಮ್ಸ್ ವಿಷಯದಲ್ಲಿ 84 ಅಂಕ ಬಂದಿದೆ. ಮೊನ್ನೆ ಇಂಟರ್ನ್‌ಶಿಪ್ ಸಂದರ್ಶನದಲ್ಲಿ, “ಟರ್ಮಿನಲ್‌ನಲ್ಲಿ ‘ಎಲ್‌ಎಸ್’ ಅಂತ ಟೈಪ್ ಮಾಡಿ ಎಂಟರ್ ಒತ್ತಿದರೆ ಒಳಗೆ ಏನಾಗುತ್ತದೆ?” ಎಂದು ಕೇಳಿದರು. “ಫೈಲುಗಳ ಪಟ್ಟಿ ಬರುತ್ತದೆ” ಅಂದೆ. ಮುಂದೆ ಮಾತೇ ಹೊರಡಲಿಲ್ಲ. ಪ್ರೋಸೆಸ್, ಪೇಜಿಂಗ್, ಡೆಡ್‌ಲಾಕ್ ಎಲ್ಲದರ ಡೆಫಿನಿಷನ್ ಬಾಯಿಪಾಠ ಇದೆ. ಆದರೆ ಒಂದಕ್ಕೊಂದು ಸಂಬಂಧ ಗೊತ್ತಾಗುತ್ತಿಲ್ಲ. ನನ್ನ ಹತ್ತಿರ 4 ಜಿಬಿ ರ‍್ಯಾಮ್‌ನ ಹಳೆಯ ಲ್ಯಾಪ್‌ಟಾಪ್ ಇದೆ. ಈ ವಿಷಯವನ್ನು ಮೊದಲಿನಿಂದ ಸರಿಯಾಗಿ ಕಲಿಯುವುದು ಹೇಗೆ ಸರ್?

ಉತ್ತರ: ನಿಮ್ಮನ್ನು ಕೇಳಿದ ಪ್ರಶ್ನೆ ತುಂಬಾ ಒಳ್ಳೆಯದು. ಇಡೀ ಸೆಮಿಸ್ಟರ್‌ನ ಪಾಠ ಅದರಲ್ಲೇ ಇದೆ. ಹಾಗಾಗಿ ಮೊದಲು ಅದಕ್ಕೇ ಉತ್ತರ ಹುಡುಕೋಣ. ಹೇಗೆ ಓದಬೇಕು ಅನ್ನುವುದು ಅಲ್ಲಿಂದಲೇ ತಿಳಿಯುತ್ತದೆ.

ನೀವು ಟೈಪ್ ಮಾಡುವ ಮುಂಚೆ ಶೆಲ್, ಅಂದರೆ ನಿಮ್ಮ ಆಜ್ಞೆಗಳನ್ನು ಓದಿ ನಡೆಸುವ ಪ್ರೋಗ್ರಾಂ, ಏನು ಮಾಡುತ್ತಿತ್ತು? ನಿದ್ದೆ ಮಾಡುತ್ತಿತ್ತು. ‘ರೀಡ್’ ಎಂಬ ಸಿಸ್ಟಮ್ ಕಾಲ್ ಮೂಲಕ “ಒಂದು ಸಾಲು ಕೊಡು” ಎಂದು ಕರ್ನಲ್ ಅನ್ನು (ಆಪರೇಟಿಂಗ್ ಸಿಸ್ಟಮ್‌ನ ತಿರುಳನ್ನು) ಕೇಳಿತ್ತು. ಸಿಸ್ಟಮ್ ಕಾಲ್ ಅಂದರೆ ಪ್ರೋಗ್ರಾಂ ಕರ್ನಲ್‌ಗೆ ಸಲ್ಲಿಸುವ ಕೋರಿಕೆ. ಕೊಡಲು ಏನೂ ಇರಲಿಲ್ಲ. ಕರ್ನಲ್ ಅದನ್ನು ಮಲಗಿಸಿ ಸಿಪಿಯು ಅನ್ನು ಬೇರೆಯವರಿಗೆ ಕೊಟ್ಟಿತು. ಪುಸ್ತಕದಲ್ಲಿ ಐದು ವೃತ್ತ ಬರೆದು, ಬಾಣ ಹಾಕಿ, ‘ವೇಟಿಂಗ್ ಸ್ಟೇಟ್’ ಅಂತ ಬರೆದಿರುತ್ತಾರಲ್ಲ, ಅದು ಇದೇ. ನೀವು ಕೀ ಒತ್ತಿದಾಗ ಕೀಬೋರ್ಡ್ ಒಂದು ಇಂಟರಪ್ಟ್ ಕಳಿಸುತ್ತದೆ. ಸಿಪಿಯು ತಾನು ಮಾಡುತ್ತಿದ್ದ ಕೆಲಸ ಬಿಟ್ಟು ಕರ್ನಲ್‌ ಒಳಗೆ ಹೋಗಿ ಆ ಅಕ್ಷರವನ್ನು ಎತ್ತಿಡುತ್ತದೆ. ಸಾಲು ಪೂರ್ತಿಯಾದ ಮೇಲೆ ಶೆಲ್ ಏಳುತ್ತದೆ.

ಎದ್ದ ಶೆಲ್ ‘ಫೋರ್ಕ್’ ಮಾಡುತ್ತದೆ. ಅಂದರೆ ತನ್ನದೇ ಇನ್ನೊಂದು ಪ್ರತಿ ಹುಟ್ಟಿಸುತ್ತದೆ. ಈಗ ಎರಡು ಪ್ರೋಸೆಸ್ (ಓಡುತ್ತಿರುವ ಪ್ರೋಗ್ರಾಂ). ಎರಡೂ ಕೋಡ್‌ನ ಒಂದೇ ಸಾಲಿನಲ್ಲಿ ನಿಂತಿವೆ. ತಾಯಿಗೆ ಮಗುವಿನ ಪಿಐಡಿ (ಪ್ರೋಸೆಸ್‌ನ ಗುರುತಿನ ಸಂಖ್ಯೆ) ಸಿಗುತ್ತದೆ, ಮಗುವಿಗೆ 0 ಸಿಗುತ್ತದೆ. ಇಷ್ಟೇ ವ್ಯತ್ಯಾಸ. ಮಗು ‘ಎಕ್ಸೆಕ್’ ಮಾಡುತ್ತದೆ. ಆಗ ಅದರ ಹಳೆಯ ಮೆಮೊರಿ ಹೋಗಿ, ಡಿಸ್ಕ್‌ನಲ್ಲಿರುವ ಎಲ್‌ಎಸ್ ಪ್ರೋಗ್ರಾಂಗೆ ಹೊಸ ಅಡ್ರೆಸ್ ಸ್ಪೇಸ್ (ತನ್ನದೇ ಮೆಮೊರಿ ವಿಳಾಸಗಳ ವ್ಯಾಪ್ತಿ) ಸಿದ್ಧವಾಗುತ್ತದೆ. ಲಿನಕ್ಸ್‌ನಲ್ಲಿ ಇಡೀ ಪ್ರೋಗ್ರಾಂ ಒಮ್ಮೆಗೇ ಮೆಮೊರಿಗೆ ಬರುವುದಿಲ್ಲ. ಬೇಕಾದ ಪುಟವನ್ನು (ಮೆಮೊರಿಯ ಒಂದು ನಿಗದಿತ ಗಾತ್ರದ ತುಂಡನ್ನು) ಮುಟ್ಟಿದಾಗ ಪೇಜ್ ಫಾಲ್ಟ್ ಆಗಿ ಆ ಪುಟ ಬರುತ್ತದೆ. ಆಮೇಲೆ ಎಲ್‌ಎಸ್ ಡೈರೆಕ್ಟರಿ ತೆರೆಯುತ್ತದೆ, ಹೆಸರುಗಳನ್ನು ಓದುತ್ತದೆ, ‘ರೈಟ್’ ಮೂಲಕ ತೆರೆಗೆ ಬರೆಯುತ್ತದೆ, ‘ಎಕ್ಸಿಟ್’ ಆಗುತ್ತದೆ. ಆದರೂ ಪೂರ್ತಿ ಸಾಯುವುದಿಲ್ಲ. ತಾಯಿ ‘ವೇಟ್’ ಕರೆದು ಫಲಿತಾಂಶ ತೆಗೆದುಕೊಳ್ಳುವವರೆಗೆ ಅದರ ಹೆಸರು ಪಟ್ಟಿಯಲ್ಲೇ ಉಳಿಯುತ್ತದೆ. ಅದೇ ಜೋಂಬಿ. ಶೆಲ್ ವೇಟ್ ಮುಗಿಸಿ, ಪ್ರಾಂಪ್ಟ್ ತೋರಿಸಿ, ಮತ್ತೆ ಮಲಗುತ್ತದೆ.

ಗಮನಿಸಿ, ಇದರಲ್ಲಿ ನಿಮಗೆ ಗೊತ್ತಿಲ್ಲದ ಒಂದು ಪದವೂ ಇಲ್ಲ. ಪದಗಳು ಬೇರೆ ಬೇರೆ ಮಾಡ್ಯೂಲ್‌ಗಳಲ್ಲಿ ಬಂದವು, ಬೇರೆ ಬೇರೆ ಇಂಟರ್ನಲ್ಸ್‌ನಲ್ಲಿ ಮುಗಿದು ಹೋದವು. ಒಂದೇ ಕಥೆಯಾಗಿ ನಿಮಗೆ ಯಾರೂ ಹೇಳಲಿಲ್ಲ. ಅದು ನಿಮ್ಮ ತಪ್ಪಲ್ಲ.

ಇದರ ಹಿಂದೆ ಒಂದು ಚರಿತ್ರೆಯೂ ಇದೆ. ಕೆನ್ ಥಾಂಪ್ಸನ್ ಮತ್ತು ಡೆನಿಸ್ ರಿಚಿ 1969ರಲ್ಲಿ ಅಮೆರಿಕದ ಬೆಲ್ ಲ್ಯಾಬ್ಸ್‌ನಲ್ಲಿ ಯುನಿಕ್ಸ್ ಶುರು ಮಾಡಿದರು. 1975ರಲ್ಲಿ ಅದರ ಆರನೇ ಆವೃತ್ತಿ ಬಂತು. ಇಡೀ ಕರ್ನಲ್ ಅನ್ನು ಒಬ್ಬ ವಿದ್ಯಾರ್ಥಿ ಕೂತು ಓದಿ ಮುಗಿಸಬಹುದಾದಷ್ಟು ಚಿಕ್ಕದಾಗಿತ್ತು. ಆಸ್ಟ್ರೇಲಿಯದ ನ್ಯೂ ಸೌತ್ ವೇಲ್ಸ್ ವಿಶ್ವವಿದ್ಯಾಲಯದ ಜಾನ್ ಲಯನ್ಸ್ ಎಂಬ ಮೇಷ್ಟ್ರು ಅದನ್ನು ಅಚ್ಚು ಹಾಕಿಸಿ, ಸಾಲು ಸಾಲಾಗಿ ವಿವರಣೆ ಬರೆದು ತರಗತಿಯಲ್ಲಿ ಕಲಿಸಿದರು. ಆಮೇಲೆ 1979ರಲ್ಲಿ ಏಳನೇ ಆವೃತ್ತಿ ಬಂದಾಗ ಕಂಪನಿ ಲೈಸೆನ್ಸ್ ಬಿಗಿ ಮಾಡಿತು. ತರಗತಿಯಲ್ಲಿ ಕೋಡ್ ಕಲಿಸುವಂತಿಲ್ಲ ಎಂದಾಯಿತು. ಎಷ್ಟೋ ವಿಶ್ವವಿದ್ಯಾಲಯಗಳು ಕೋಡ್ ಬಿಟ್ಟು ಬರೀ ಥಿಯರಿ ಹೇಳಿಕೊಡಲು ಶುರು ಮಾಡಿದವು. ಲಯನ್ಸ್ ಅವರ ವಿವರಣೆ ಜೆರಾಕ್ಸ್ ಪ್ರತಿಯ ಜೆರಾಕ್ಸ್ ಆಗಿ ಕೈಯಿಂದ ಕೈಗೆ ಓಡಾಡಿತು. ಅದು ಪುಸ್ತಕವಾಗಿ ಬಹಿರಂಗವಾಗಿ ಹೊರಬಂದಿದ್ದು 1996ರಲ್ಲಿ.

ಆ ಥಿಯರಿಯ ಕಾಲದ ನೆರಳು ನಮ್ಮ ಸಿಲಬಸ್‌ಗಳ ಮೇಲೆ ಇನ್ನೂ ಇದೆ ಎಂಬುದು ನನ್ನ ಅನಿಸಿಕೆ. ಆದರೆ ತಡೆ ಯಾವತ್ತೋ ಹೋಗಿದೆ. ಆಮ್‌ಸ್ಟರ್‌ಡ್ಯಾಮ್‌ನ ಆಂಡ್ರ್ಯೂ ಟ್ಯಾನೆನ್‌ಬಾಮ್ ಪಾಠ ಮಾಡಲೆಂದೇ 1987ರಲ್ಲಿ ಮಿನಿಕ್ಸ್ ಬರೆದುಕೊಟ್ಟರು. ಅದನ್ನು ಓದಿ, ಬಳಸಿ ಬೆಳೆದ ಹೆಲ್ಸಿಂಕಿ ವಿಶ್ವವಿದ್ಯಾಲಯದ ವಿದ್ಯಾರ್ಥಿ ಲಿನಸ್ ಟೋರ್ವಾಲ್ಡ್ಸ್ 1991ರಲ್ಲಿ ಲಿನಕ್ಸ್ ಹೊರತಂದರು. ಇವತ್ತು ನಿಮಗೆ ಎಲ್ಲ ಕೋಡೂ ಉಚಿತ. ನೋಡುವುದಷ್ಟೇ ಬಾಕಿ.

ನಾನು ಈ ವಿಷಯ ಕಲಿಸಲು ಶುರು ಮಾಡಿದ ವರ್ಷಗಳಲ್ಲಿ ಬೋರ್ಡ್ ಮೇಲೆ ಪಿಸಿಬಿ (ಒಂದೊಂದು ಪ್ರೋಸೆಸ್‌ನ ವಿವರವನ್ನು ಕರ್ನಲ್ ಬರೆದಿಡುವ ದಾಖಲೆ) ಚಿತ್ರ ಬರೆಯುತ್ತಿದ್ದೆ. ಒಂದು ಚೌಕ, ಒಳಗೆ ಏಳೆಂಟು ಸಾಲು. ಒಂದು ದಿನ ಕೊನೆಯ ಬೆಂಚಿನ ಹುಡುಗನೊಬ್ಬ, “ಸರ್, ಇದು ನಿಜವಾಗ್ಲೂ ಎಲ್ಲಿರುತ್ತೆ? ನೋಡಬಹುದಾ?” ಅಂದ. ಅವತ್ತು ಸಂಜೆ ಸ್ಟಾಫ್ ರೂಮಿನಲ್ಲಿ ಕೂತು ಎಕ್ಸ್‌ವಿ6 ಎಂಬ ಪುಟ್ಟ ಆಪರೇಟಿಂಗ್ ಸಿಸ್ಟಮ್‌ನ ಕೋಡ್ ತೆರೆದೆವು. ಮಾರನೇ ವರ್ಷದಿಂದ ಆ ಚೌಕ ಬರೆಯುವುದನ್ನು ಬಿಟ್ಟೆ. ಕೋಡ್ ಅನ್ನೇ ಪ್ರೊಜೆಕ್ಟರ್‌ನಲ್ಲಿ ತೋರಿಸುತ್ತೇನೆ.

ಎಕ್ಸ್‌ವಿ6 ಬಗ್ಗೆ ಹೇಳಲೇಬೇಕು. ಎಂಐಟಿಯವರು 2006ರಲ್ಲಿ ತಮ್ಮ ತರಗತಿಗಾಗಿ ಆ ಹಳೆಯ ಆರನೇ ಯುನಿಕ್ಸ್ ಅನ್ನು ಇಂದಿನ ಸಿ ಭಾಷೆಯಲ್ಲಿ ಹೊಸದಾಗಿ ಬರೆದರು. ಈಗಿನದು ರಿಸ್ಕ್-ವಿ ಪ್ರೊಸೆಸರ್‌ಗಾಗಿ ಇರುವ ಆವೃತ್ತಿ. ಕರ್ನಲ್ ಹತ್ತು ಸಾವಿರ ಸಾಲಿಗಿಂತ ಕಡಿಮೆ. ಅದಕ್ಕೆಂದೇ ಬರೆದ ಸಣ್ಣ ಪುಸ್ತಕವೂ ಉಚಿತ. ಬೇರೆ ಕಂಪ್ಯೂಟರನ್ನು ಅನುಕರಿಸುವ ಕ್ಯೂಎಮ್ಯು ಎಂಬ ಎಮ್ಯುಲೇಟರ್‌ನಲ್ಲಿ ಓಡುತ್ತದೆ, ಅದಕ್ಕೆ ಬೇಕಾಗಿರುವುದು 128 ಎಂಬಿ ಮೆಮೊರಿ. ನಿಮ್ಮ 4 ಜಿಬಿ ಲ್ಯಾಪ್‌ಟಾಪ್ ಧಾರಾಳವಾಗಿ ಸಾಕು. ಹೊಸದು ಕೊಳ್ಳಲು ಮನೆಯಲ್ಲಿ ಕೇಳಬೇಡಿ.

ಅಲ್ಲಿ ‘ಪ್ರೋಕ್’ ಎಂಬ ಸ್ಟ್ರಕ್ಚರ್ ಹುಡುಕಿ. ಪಿಸಿಬಿ ಅಂದರೆ ಅದೇ. ಸ್ಟೇಟ್, ಪಿಐಡಿ, ತಾಯಿ ಯಾರು, ಪೇಜ್ ಟೇಬಲ್ ಎಲ್ಲಿ, ತೆರೆದಿರುವ ಫೈಲುಗಳು ಯಾವುವು, ಎಲ್ಲವೂ ಅಲ್ಲಿವೆ. ಇಡೀ ಸಿಸ್ಟಮ್‌ನಲ್ಲಿ ಇಂಥವು 64 ಮಾತ್ರ. ಶೆಡ್ಯೂಲರ್ ಅಂದರೆ ಈ 64ನ್ನು ಒಂದಾದ ಮೇಲೆ ಒಂದು ನೋಡುತ್ತಾ, ಓಡಲು ಸಿದ್ಧವಾಗಿರುವುದನ್ನು ಓಡಿಸುವ ಒಂದು ಲೂಪ್. ರೌಂಡ್ ರಾಬಿನ್ ಅಂತ ಚಾರ್ಟ್ ಬರೆದಿರಿ ಅಲ್ವಾ? ಕೋಡ್‌ನಲ್ಲಿ ಅದು ಒಂದು ಪರದೆಯಷ್ಟೂ ಇಲ್ಲ. ಒಂದು ಪ್ರೋಸೆಸ್‌ನಿಂದ ಇನ್ನೊಂದಕ್ಕೆ ಬದಲಾಗುವ ಕಾಂಟೆಕ್ಸ್ಟ್ ಸ್ವಿಚ್ ಇನ್ನೂ ಚಿಕ್ಕದು. 14 ರಿಜಿಸ್ಟರ್‌ಗಳನ್ನು (ಸಿಪಿಯು ಒಳಗಿನ ಪುಟ್ಟ ಸಂಗ್ರಹಗಳನ್ನು) ಎತ್ತಿಡು, ಇನ್ನೊಬ್ಬರ 14 ತುಂಬು, ವಾಪಸ್ ಹೋಗು. ಆದರೆ ಹೋದವರೇ ಬೇರೆ, ಬಂದವರೇ ಬೇರೆ! ಆರನೇ ಯುನಿಕ್ಸ್‌ನಲ್ಲಿ ಈ ಜಾಗದ ಬಳಿ “ನಿಮಗಿದು ಅರ್ಥವಾಗಬೇಕು ಎಂದೇನಿಲ್ಲ” ಎಂಬ ಅರ್ಥದ ಕಾಮೆಂಟ್ ಬರೆದಿಟ್ಟಿದ್ದರು. ನಿಮಗೆ ಮೊದಲ ಸಲ ತಲೆ ತಿರುಗಿದರೆ ಅದಕ್ಕೇ ಗಾಬರಿಯಾಗಬೇಡಿ. ಮೂರು ಸಲ ಓದಿ. ಕಾಗದದ ಮೇಲೆ ಎರಡು ಸ್ಟ್ಯಾಕ್ ಬರೆದುಕೊಂಡು ಓದಿ.

ಆದರೆ ಎಕ್ಸ್‌ವಿ6ಗೆ ನೇರ ಹಾರಬೇಡಿ. ಮೊದಲ ಒಂದು ತಿಂಗಳು ಲಿನಕ್ಸ್‌ನಲ್ಲೇ ಸಣ್ಣ ಸಣ್ಣ ಸಿ ಪ್ರೋಗ್ರಾಂ ಬರೆಯಿರಿ. ನನ್ನ ನಿಯಮ ಒಂದೇ. ಓಡಿಸುವ ಮುಂಚೆ ಏನಾಗುತ್ತದೆ ಎಂದು ನೋಟ್‌ಬುಕ್‌ನಲ್ಲಿ ಬರೆದಿಡಿ, ಆಮೇಲೆ ಓಡಿಸಿ. ನೀವು ಬರೆದದ್ದಕ್ಕೂ ಬಂದದ್ದಕ್ಕೂ ಹೊಂದದೆ ಇದ್ದ ಕಡೆ ನಿಲ್ಲಿ. ಅಲ್ಲೇ ಕಲಿಕೆ ಇದೆ. ಹೊಂದಿದ ಕಡೆ ಜಾಸ್ತಿ ಹೊತ್ತು ಕಳೆಯಬೇಡಿ.

ಮೂರು ಪ್ರಯೋಗ ಹೇಳುತ್ತೇನೆ.

ಒಂದು. ‘ಎಸ್‌ಟ್ರೇಸ್’ ಎಂಬ ಉಪಕರಣದಿಂದ ಎಲ್‌ಎಸ್ ಓಡಿಸಿ. ಅದು ಮಾಡುವ ಒಂದೊಂದು ಸಿಸ್ಟಮ್ ಕಾಲ್ ತೆರೆಯ ಮೇಲೆ ಬರುತ್ತದೆ. ಹತ್ತಾರು ಸಾಲು ಬರುತ್ತವೆ, ಹೆದರಬೇಡಿ. ಎಕ್ಸೆಕ್ ಎಲ್ಲಿದೆ, ಡೈರೆಕ್ಟರಿ ತೆರೆದದ್ದು ಎಲ್ಲಿ, ರೈಟ್ ಎಲ್ಲಿ, ಇಷ್ಟು ಹುಡುಕಿದರೆ ಸಾಕು. ಇದರ ಜೊತೆ ಒಂದು ಪ್ರಶ್ನೆ ಇಟ್ಟುಕೊಳ್ಳಿ. ಎಲ್‌ಎಸ್ ಬೇರೆ ಪ್ರೋಗ್ರಾಂ. ಆದರೆ ಡೈರೆಕ್ಟರಿ ಬದಲಿಸುವ ‘ಸಿಡಿ’ ಶೆಲ್‌ನ ಒಳಗೇ ಇರಬೇಕು. ಏಕೆ? ಫೋರ್ಕ್ ಸರಿಯಾಗಿ ಅರ್ಥವಾಗಿದ್ದರೆ ಎರಡು ನಿಮಿಷದಲ್ಲಿ ಹೊಳೆಯುತ್ತದೆ. ಮಗು ಬೇರೆ ಡೈರೆಕ್ಟರಿಗೆ ಹೋದರೆ ತಾಯಿ ಎಲ್ಲಿರುತ್ತಾಳೆ, ಯೋಚಿಸಿ.

ಎರಡು. ಮೆಮೊರಿ. ‘ಮ್ಯಾಲಕ್’ನಿಂದ 1 ಜಿಬಿ ಕೇಳಿ, ಏನೂ ಮಾಡದೆ ಸುಮ್ನೆ ನಿಲ್ಲುವ ಪ್ರೋಗ್ರಾಂ ಬರೆಯಿರಿ. ಇನ್ನೊಂದು ಟರ್ಮಿನಲ್‌ನಲ್ಲಿ ‘ಪಿಎಸ್ ಎಯುಎಕ್ಸ್’ ಹಾಕಿ ನೋಡಿ. ವಿಎಸ್‌ಜೆಡ್ (ಕೇಳಿದ ಮೆಮೊರಿ) ಎಂಬ ಕಾಲಂ 1 ಜಿಬಿ ಹೆಚ್ಚಿರುತ್ತದೆ. ಆರ್‌ಎಸ್‌ಎಸ್ (ನಿಜವಾಗಿ ಸಿಕ್ಕ ಮೆಮೊರಿ) ಮಾತ್ರ ಹೆಚ್ಚುಕಡಿಮೆ ಇದ್ದಲ್ಲೇ ಇರುತ್ತದೆ. ಕರ್ನಲ್ ಜಾಗ ಕೊಡುತ್ತೇನೆ ಎಂದು ಮಾತು ಕೊಟ್ಟಿದೆ, ಜಾಗ ಇನ್ನೂ ಕೊಟ್ಟಿಲ್ಲ. ಈಗ 4096 ಬೈಟಿಗೊಂದರಂತೆ ಒಂದೊಂದು ಬೈಟ್ ಬರೆಯುತ್ತಾ ಹೋಗಿ. ಒಟ್ಟು 2,62,144 ಪುಟ. ಆರ್‌ಎಸ್‌ಎಸ್ ನಿಮ್ಮ ಕಣ್ಣೆದುರೇ ಏರುತ್ತದೆ. ಡಿಮ್ಯಾಂಡ್ ಪೇಜಿಂಗ್ ಎಂಬ ಪದಕ್ಕೆ ಇನ್ನು ಮೇಲೆ ನಿಮಗೆ ಡೆಫಿನಿಷನ್ ಬೇಕಾಗುವುದಿಲ್ಲ.

ವರ್ಚುವಲ್ ಅಡ್ರೆಸ್ ಎಂಬುದು ಅನೇಕರಿಗೆ ಗಂಟಲಲ್ಲಿ ಸಿಕ್ಕಿಕೊಳ್ಳುವ ಜಾಗ. ಹೀಗೆ ನೋಡಿ. ಬೇಲೂರಿನಲ್ಲೂ ‘ಮನೆ ನಂಬರ್ 12’ ಇದೆ, ಅರಸೀಕೆರೆಯಲ್ಲೂ ‘ಮನೆ ನಂಬರ್ 12’ ಇದೆ. ನಂಬರ್ ಒಂದೇ, ನೆಲ ಬೇರೆ. ಯಾವ ಊರು ಎಂದು ಗೊತ್ತಿದ್ದರೆ ಮಾತ್ರ ಪೋಸ್ಟ್‌ಮ್ಯಾನ್ ಸರಿಯಾದ ಬಾಗಿಲು ತಟ್ಟುತ್ತಾನೆ. ಒಂದೊಂದು ಪ್ರೋಸೆಸ್ ಒಂದೊಂದು ಊರು. ಆ ಊರಿನ ಮನೆಪಟ್ಟಿಯೇ ಪೇಜ್ ಟೇಬಲ್. ಪ್ರೋಸೆಸ್ ಬದಲಾದಾಗ ಕರ್ನಲ್ ಪಟ್ಟಿ ಬದಲಾಯಿಸುತ್ತದೆ. ಪಟ್ಟಿಯಲ್ಲಿ ಇಲ್ಲದ ನಂಬರ್ ಕೇಳಿದರೆ ಹಾರ್ಡ್‌ವೇರ್ ಕರ್ನಲ್ ಅನ್ನು ಕರೆಯುತ್ತದೆ. ಎಕ್ಸ್‌ವಿ6 ಬಳಸುವ ರಿಸ್ಕ್-ವಿ ವಿಧಾನದಲ್ಲಿ ಅಡ್ರೆಸ್ 39 ಬಿಟ್. ಅದರಲ್ಲಿ 9, 9, 9 ಬಿಟ್‌ಗಳು ಮೂರು ಹಂತದ ಟೇಬಲ್‌ಗಳಿಗೆ. ಉಳಿದ 12 ಪುಟದ ಒಳಗಿನ ಜಾಗಕ್ಕೆ. 9 ಬಿಟ್ ಅಂದರೆ 512 ಎಂಟ್ರಿ. ಒಂದೊಂದು 8 ಬೈಟ್. ಗುಣಿಸಿ ನೋಡಿ, ಸರಿಯಾಗಿ 4096. ಟೇಬಲ್ ಕೂಡ ಒಂದು ಪುಟದಲ್ಲೇ ಹಿಡಿಯುತ್ತದೆ! ಇದು ನನಗೆ ಮೊದಲು ಹೊಳೆದ ದಿನದ ಖುಷಿ ಇನ್ನೂ ನೆನಪಿದೆ.

ಮೂರನೆಯದು ಎಲ್ಲಕ್ಕಿಂತ ಮುಖ್ಯ. ಎರಡು ಥ್ರೆಡ್ (ಒಂದೇ ಪ್ರೋಗ್ರಾಂ ಒಳಗೆ ಜೊತೆಜೊತೆಗೆ ಓಡುವ ಕೆಲಸ) ಮಾಡಿ. ಎರಡೂ ಒಂದೇ ಕೌಂಟರ್‌ಗೆ ಹತ್ತು ಹತ್ತು ಲಕ್ಷ ಸಲ 1 ಕೂಡಿಸಲಿ. ಕೊನೆಗೆ 20 ಲಕ್ಷ ಬರಬೇಕು. ಬರುವುದಿಲ್ಲ. ಪ್ರತಿ ಸಲ ಬೇರೆ ಬೇರೆ ಸಂಖ್ಯೆ ಬರುತ್ತದೆ. (ಕಂಪೈಲ್ ಮಾಡುವಾಗ ಆಪ್ಟಿಮೈಜೇಶನ್ ಹಾಕಬೇಡಿ. ಹಾಕಿದರೆ ಕಂಪೈಲರ್ ಇಡೀ ಲೂಪ್ ಅನ್ನೇ ಒಂದು ಕೂಡಿಕೆಯಾಗಿ ಮಡಿಸಿಬಿಡಬಹುದು. ಆಗ 20 ಲಕ್ಷವೇ ಬಂದು ನೀವು ಮೋಸ ಹೋಗುತ್ತೀರಿ.)

ಕಿರಾಣಿ ಅಂಗಡಿಯ ಉದ್ರಿ ಪುಸ್ತಕ ನೆನಪಿಸಿಕೊಳ್ಳಿ. ಒಂದು ಮನೆಯ ಬಾಕಿ 500 ರೂಪಾಯಿ. ಅಣ್ಣ 100 ಸೇರಿಸಬೇಕು, ತಮ್ಮ 50 ಸೇರಿಸಬೇಕು. ಇಬ್ಬರೂ ಒಂದೇ ಹೊತ್ತಿಗೆ ಪುಸ್ತಕ ನೋಡಿದರು, 500 ಕಂಡಿತು. ಅಣ್ಣ ಮನಸ್ಸಲ್ಲೇ ಕೂಡಿಸಿ 600 ಬರೆದ. ಅದರ ಮೇಲೆ ತಮ್ಮ 550 ಬರೆದ. ನೂರು ರೂಪಾಯಿ ಮಾಯ. ಇಬ್ಬರೂ ಕಳ್ಳರಲ್ಲ, ಇಬ್ಬರ ಲೆಕ್ಕವೂ ಸರಿ. ಓದು, ಕೂಡು, ಬರೆ ಎಂಬ ಮೂರು ಹೆಜ್ಜೆಯ ನಡುವೆ ಇನ್ನೊಬ್ಬರು ನುಗ್ಗಿದ್ದೇ ತಪ್ಪು. ಒಬ್ಬರು ಬರೆದು ಮುಗಿಸುವವರೆಗೆ ಪುಸ್ತಕ ಇನ್ನೊಬ್ಬರ ಕೈಗೆ ಸಿಗಬಾರದು. ಲಾಕ್ ಅಂದರೆ ಅಷ್ಟೇ. ಕಂಪ್ಯೂಟರ್ ವಿಜ್ಞಾನಿ ಡೈಕ್‌ಸ್ಟ್ರಾ ಅವರು 1960ರ ದಶಕದಲ್ಲಿ ಕೊಟ್ಟ ಸೆಮಾಫೋರ್ ಹುಟ್ಟಿದ್ದೂ ಇಂಥ ತೊಂದರೆಗಳಿಂದಲೇ. ಮೊದಲು ತೊಂದರೆ, ಆಮೇಲೆ ಹೆಸರು. ನೀವು ಓದಿದ್ದು ಹೆಸರನ್ನು ಮಾತ್ರ, ತೊಂದರೆಯನ್ನು ಅನುಭವಿಸಿಲ್ಲ. ನಿಮ್ಮ ಕಷ್ಟವೆಲ್ಲ ಇಷ್ಟರಲ್ಲೇ ಇದೆ ಎಂದು ನನಗೆ ಅನಿಸುತ್ತದೆ. ಇನ್ನು ಮೇಲೆ ಯಾವ ಡೆಫಿನಿಷನ್ ಎದುರಾದರೂ “ಇದು ಇಲ್ಲದಿದ್ದರೆ ಏನು ಕೆಡುತ್ತಿತ್ತು?” ಎಂದು ಕೇಳಿ. ಆಮೇಲೆ ಅದನ್ನು ನಿಜವಾಗಿಯೂ ಕೆಡಿಸಿ ನೋಡಿ.

ಇದು ಬರೀ ಪಾಠದ ಮಾತಲ್ಲ. 1997ರ ಜುಲೈ 4ರಂದು ನಾಸಾದ ಪಾಥ್‌ಫೈಂಡರ್ ನೌಕೆ ಮಂಗಳ ಗ್ರಹದ ಮೇಲೆ ಇಳಿಯಿತು. ಕೆಲವೇ ದಿನಗಳಲ್ಲಿ ಅದರ ಕಂಪ್ಯೂಟರ್ ತಾನಾಗಿಯೇ ಮತ್ತೆ ಮತ್ತೆ ರೀಸೆಟ್ ಆಗತೊಡಗಿತು. ಹವಾಮಾನದ ಮಾಹಿತಿ ಕಲೆಹಾಕುವ ಕಡಿಮೆ ಆದ್ಯತೆಯ ಟಾಸ್ಕ್ ಒಂದು ಲಾಕ್ ಹಿಡಿದಿತ್ತು. ಬಸ್ (ನೌಕೆಯ ಭಾಗಗಳ ನಡುವೆ ಮಾಹಿತಿ ಸಾಗಿಸುವ ದಾರಿ) ನಿರ್ವಹಿಸುವ ಅತಿ ಮುಖ್ಯ ಟಾಸ್ಕ್ ಅದೇ ಲಾಕ್‌ಗಾಗಿ ಕಾಯುತ್ತಿತ್ತು. ಅಷ್ಟರಲ್ಲಿ ನಡುವಿನ ಆದ್ಯತೆಯ ಟಾಸ್ಕ್ ಒಂದು ಎದ್ದು ಸಿಪಿಯು ಹಿಡಿದುಕೊಂಡಿತು. ಕೆಳಗಿನದಕ್ಕೆ ಓಡಲು ಅವಕಾಶ ಇಲ್ಲ, ಹಾಗಾಗಿ ಲಾಕ್ ಬಿಡುತ್ತಿಲ್ಲ, ಹಾಗಾಗಿ ಮೇಲಿನದೂ ಓಡುತ್ತಿಲ್ಲ. ಮುಖ್ಯ ಕೆಲಸ ಹೊತ್ತಿಗೆ ಸರಿಯಾಗಿ ಮುಗಿಯದ್ದನ್ನು ಕಂಡು ಕಾವಲಿಗಿದ್ದ ವಾಚ್‌ಡಾಗ್ ರೀಸೆಟ್ ಮಾಡಿತು. ಭೂಮಿಯಲ್ಲಿದ್ದ ಎಂಜಿನಿಯರ್‌ಗಳು ಅದರ ಜೋಡಿ ಯಂತ್ರದ ಮೇಲೆ ಅದೇ ತೊಂದರೆಯನ್ನು ಮತ್ತೆ ಬರಿಸಿ, ಕಾರಣ ಹಿಡಿದರು. ಆ ಲಾಕ್‌ನಲ್ಲಿ ‘ಪ್ರಯಾರಿಟಿ ಇನ್ಹೆರಿಟೆನ್ಸ್’ (ಲಾಕ್ ಹಿಡಿದ ಟಾಸ್ಕ್‌ಗೆ, ಕಾಯುತ್ತಿರುವ ಟಾಸ್ಕ್‌ನ ಆದ್ಯತೆ ಕೊಡುವುದು) ಎಂಬ ಆಯ್ಕೆ ಆಫ್ ಆಗಿತ್ತು. ಅದನ್ನು ಇಲ್ಲಿಂದಲೇ ಆನ್ ಮಾಡಿದರು. ಕೆಳಗಿನದು ಮೇಲಿನದನ್ನು ತಡೆಯುವ ಇದಕ್ಕೆ, ನಿಮ್ಮ ಪುಸ್ತಕದಲ್ಲಿ ‘ಪ್ರಯಾರಿಟಿ ಇನ್ವರ್ಶನ್’ಗೆ ಬಹುಶಃ ಅರ್ಧ ಪುಟ ಇದ್ದೀತು. ಈ ಘಟನೆಯನ್ನು ಇಟ್ಟುಕೊಂಡು ಆ ಅರ್ಧ ಪುಟ ಮತ್ತೆ ಓದಿ.

ಪರೀಕ್ಷೆಗೆ ಮಾಡಿದ ಲೆಕ್ಕಗಳು ವ್ಯರ್ಥವೇ? ಖಂಡಿತ ಅಲ್ಲ. ಆದರೆ ಅವುಗಳ ಸ್ಥಾನ ಗೊತ್ತಿರಲಿ. ಡೆಡ್‌ಲಾಕ್ (ಒಬ್ಬರಿಗಾಗಿ ಒಬ್ಬರು ಕಾಯುತ್ತಾ ಎಲ್ಲರೂ ನಿಂತುಬಿಡುವುದು) ತಪ್ಪಿಸುವ ಬ್ಯಾಂಕರ್ಸ್ ಆಲ್ಗಾರಿದಮ್‌ಗೆ ಪ್ರತಿ ಪ್ರೋಸೆಸ್ ತನಗೆ ಗರಿಷ್ಠ ಎಷ್ಟು ಬೇಕು ಎಂದು ಮೊದಲೇ ಹೇಳಬೇಕು. ನಿಮ್ಮ ಬ್ರೌಸರ್ ಹಾಗೆ ಹೇಳಲು ಸಾಧ್ಯವೇ? ಅದಕ್ಕೇ ನಾವು ದಿನಾ ಬಳಸುವ ಸಿಸ್ಟಮ್‌ಗಳು ಅದನ್ನು ಬಳಸುವುದಿಲ್ಲ. ಕರ್ನಲ್ ಬರೆಯುವವರು ಲಾಕ್‌ಗಳನ್ನು ಯಾವಾಗಲೂ ಒಂದೇ ಕ್ರಮದಲ್ಲಿ ಹಿಡಿಯಬೇಕು ಎಂಬ ಶಿಸ್ತು ಪಾಲಿಸುತ್ತಾರೆ. ಶೆಡ್ಯೂಲಿಂಗ್ ಚಾರ್ಟ್‌ಗಳೂ ಹಾಗೇ. ಲಿನಕ್ಸ್ 2007ರಿಂದ ಸಿಎಫ್‌ಎಸ್ ಎಂಬ ಶೆಡ್ಯೂಲರ್ ಬಳಸಿತು, 2023ರಲ್ಲಿ ಅದರ ಜಾಗಕ್ಕೆ ಇಇವಿಡಿಎಫ್ ತಂದಿತು. ಎರಡರ ಹಿಂದಿನ ಪ್ರಶ್ನೆ ಮಾತ್ರ ನಿಮ್ಮ ಚಾರ್ಟ್‌ನದೇ. ಯಾರು ಎಷ್ಟು ಹೊತ್ತು ಕಾದರು, ಅದು ನ್ಯಾಯವೇ?

ಪೇಜ್ ರಿಪ್ಲೇಸ್‌ಮೆಂಟ್‌ನಲ್ಲಿ ಒಂದು ಲೆಕ್ಕವನ್ನಂತೂ ಕೈಯಾರೆ ಮಾಡಿ. ಪುಟಗಳ ಸರದಿ 1, 2, 3, 4, 1, 2, 5, 1, 2, 3, 4, 5. ಮೊದಲು ಬಂದದ್ದನ್ನು ಮೊದಲು ಹೊರಹಾಕುವ ಫಿಫೊ ವಿಧಾನ. 3 ಫ್ರೇಮ್ (ಮೆಮೊರಿಯಲ್ಲಿ ಒಂದು ಪುಟ ಹಿಡಿಯುವ ಜಾಗ) ಇದ್ದರೆ 9 ಫಾಲ್ಟ್. 4 ಫ್ರೇಮ್ ಕೊಟ್ಟರೆ 10! ಮೆಮೊರಿ ಹೆಚ್ಚಿಸಿದರೆ ಕೆಲಸ ಕೆಟ್ಟಿತು. ಬೆಲಾಡಿ ಅನಾಮಲಿ ಎಂದು ಹೆಸರು ಕೊಟ್ಟು ಮುಂದೆ ಹೋಗುತ್ತಾರೆ. ನೀವು ಹೋಗಬೇಡಿ. ಬಹಳ ಹೊತ್ತಿನಿಂದ ಬಳಸದ ಪುಟವನ್ನು ಹೊರಹಾಕುವ ಎಲ್‌ಆರ್‌ಯುನಲ್ಲಿ ಹೀಗೆ ಯಾಕೆ ಆಗುವುದಿಲ್ಲ ಎಂದು ಒಂದು ಸಂಜೆ ಕೂತು ಯೋಚಿಸಿ.

ಭಾಷೆಯ ವಿಷಯ. ಕನ್ನಡ ಮೀಡಿಯಂ ಅಂತ ನೀವು ಬರೆದಾಗ ಅದರಲ್ಲಿ ಸ್ವಲ್ಪ ಅಳುಕು ಕಂಡಿತು. ಪದಗಳನ್ನು ಇಂಗ್ಲಿಷಿನಲ್ಲೇ ಇಟ್ಟುಕೊಳ್ಳಿ. ವಿವರಣೆಯನ್ನು ಮೊದಲು ಕನ್ನಡದಲ್ಲಿ ಮಾಡಿಕೊಳ್ಳಿ, ನಿಮ್ಮ ಮನೆಯವರಿಗೆ ಹೇಳುವ ಹಾಗೆ. ಕನ್ನಡದಲ್ಲಿ ತಡವರಿಸಿದರೆ ಅರ್ಥವಾಗಿಲ್ಲ ಎಂದು ತಿಳಿಯಿರಿ. ಕನ್ನಡದಲ್ಲಿ ಸರಾಗವಾಗಿ ಬಂದರೆ, ಅದನ್ನು ಇಂಗ್ಲಿಷಿನಲ್ಲಿ ಹೇಳುವುದು ಒಂದೆರಡು ವಾರದ ಅಭ್ಯಾಸ. ಚೆನ್ನಾಗಿ ಕಲಿತ ನನ್ನ ಎಷ್ಟೋ ವಿದ್ಯಾರ್ಥಿಗಳು ಹೀಗೇ ಕಲಿತವರು.

ಇನ್ನು ಏನು ಓದಬೇಕು? ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ಆರ್ಪಾಚಿ-ಡ್ಯುಸೋ ದಂಪತಿ ಬರೆದ ಪಠ್ಯಪುಸ್ತಕ ಅಂತರ್ಜಾಲದಲ್ಲಿ ಉಚಿತವಾಗಿದೆ. ಇಡೀ ವಿಷಯವನ್ನು ವರ್ಚುವಲೈಜೇಶನ್, ಕನ್‌ಕರೆನ್ಸಿ, ಪರ್ಸಿಸ್ಟೆನ್ಸ್ ಎಂದು ಮೂರೇ ಭಾಗ ಮಾಡಿದ್ದಾರೆ. ಇಂಗ್ಲಿಷ್ ಸರಳ, ಅಧ್ಯಾಯಗಳು ಚಿಕ್ಕವು. ಐಐಟಿ ಬಾಂಬೆ, ಐಐಟಿ ಮದ್ರಾಸ್‌ನವರ ಆಪರೇಟಿಂಗ್ ಸಿಸ್ಟಮ್ ಪಾಠಗಳು ವಿಡಿಯೊ ರೂಪದಲ್ಲಿವೆ, ಎಕ್ಸ್‌ವಿ6 ಇಟ್ಟುಕೊಂಡೇ ಕಲಿಸಿದ್ದಾರೆ. ಒಂದು ಪುಸ್ತಕ, ಒಂದು ವಿಡಿಯೊ ಸರಣಿ ಸಾಕು. ಐದು ಪುಸ್ತಕ ಡೌನ್‌ಲೋಡ್ ಮಾಡಿಟ್ಟುಕೊಂಡವರು ಐದರ ಮೊದಲ ಅಧ್ಯಾಯ ಮಾತ್ರ ಓದುತ್ತಾರೆ.

ವಾರಕ್ಕೆ ಆರು ಗಂಟೆ ಕೊಡಿ. ಮೊದಲ ತಿಂಗಳು ಮೇಲಿನ ಪ್ರಯೋಗಗಳು, ಜೊತೆಗೆ ಸಿ ಪಾಯಿಂಟರ್‌ಗಳ ರಿವಿಷನ್. ಪಾಯಿಂಟರ್ ಗಟ್ಟಿ ಇಲ್ಲದೆ ಕರ್ನಲ್ ಕೋಡ್ ಓದಲು ಆಗುವುದಿಲ್ಲ. ಮುಂದಿನ ಎರಡು ತಿಂಗಳು ಎಕ್ಸ್‌ವಿ6 ಓದಿ, ಅದನ್ನು ತಿದ್ದಿ. ಮೊದಲ ತಿದ್ದುಪಡಿಯಾಗಿ ಒಂದು ಹೊಸ ಸಿಸ್ಟಮ್ ಕಾಲ್ ಸೇರಿಸಿ. ಈಗ ಎಷ್ಟು ಪ್ರೋಸೆಸ್ ಜೀವಂತ ಇವೆ ಎಂದು ಹೇಳಿದರೆ ಸಾಕು. ಐದಾರು ಫೈಲುಗಳಲ್ಲಿ ಒಂದೆರಡು ಸಾಲು ಬರೆಯಬೇಕಾಗುತ್ತದೆ. ಆದರೆ ಆ ಸಾಲುಗಳ ದಾರಿ ಹಿಡಿದು ಹೋದರೆ, ಯೂಸರ್ ಮೋಡ್‌ನಿಂದ ಕರ್ನಲ್‌ಗೆ ಹೋಗಿ ವಾಪಸ್ ಬರುವ ಇಡೀ ರಸ್ತೆ ನೋಡಿದಂತಾಗುತ್ತದೆ. ಆಮೇಲೆ ಎಂಐಟಿಯ ಲ್ಯಾಬ್‌ಗಳಲ್ಲಿ ‘ಕಾಪಿ ಆನ್ ರೈಟ್’ (ಬರೆಯುವವರೆಗೆ ಪುಟದ ಪ್ರತಿ ಮಾಡದಿರುವುದು) ಮಾಡಿ. ಕಷ್ಟ ಇದೆ. ಎರಡು ವಾರ ಹಿಡಿದರೂ ಪರವಾಗಿಲ್ಲ. ಬೇರೆಯವರ ಉತ್ತರಗಳು ಸುಲಭವಾಗಿ ಸಿಗುತ್ತವೆ, ನೋಡಬೇಡಿ.

ಫೈಲ್ ಸಿಸ್ಟಮ್ ಅನ್ನು ಕೊನೆಗೆ ಇಟ್ಟುಕೊಳ್ಳಿ. ಅಲ್ಲಿ ಒಂದೇ ಪ್ರಶ್ನೆ ಹಿಡಿದು ಹೊರಡಿ. ‘ರೈಟ್’ ಯಶಸ್ವಿಯಾಯಿತು, ಮರುಕ್ಷಣ ಕರೆಂಟ್ ಹೋಯಿತು. ಬರೆದದ್ದು ಡಿಸ್ಕ್‌ನಲ್ಲಿ ಇರುತ್ತದೆಯೇ? ಲಿನಕ್ಸ್‌ನಲ್ಲಿ ಅದು ಕೆಲವು ಸೆಕೆಂಡು ಮೆಮೊರಿಯಲ್ಲೇ ಉಳಿದಿರಬಹುದು. ಎಕ್ಸ್‌ವಿ6ನ ಲಾಗ್ (ಡಿಸ್ಕ್ ಬದಲಾವಣೆಗಳನ್ನು ಮೊದಲೇ ಬರೆದಿಡುವ ದಾಖಲೆ) ಕೋಡ್ ಓದುವಾಗ, ಈ ಸಾಲಿನಲ್ಲಿ ಕರೆಂಟ್ ಹೋದರೆ ಏನು, ಮುಂದಿನ ಸಾಲಿನಲ್ಲಿ ಹೋದರೆ ಏನು ಎಂದು ಪ್ರತಿ ಸಾಲಿಗೂ ಬರೆದುಕೊಳ್ಳಿ. ಕರೆಂಟ್ ಹೋಗುವುದು ಏನೆಂದು ನಮ್ಮ ಹಳ್ಳಿಯ ಮಕ್ಕಳಿಗೆ ಹೇಳಿಕೊಡಬೇಕಾಗಿಲ್ಲ ಅಲ್ವಾ?

ಇವತ್ತು ರಾತ್ರಿ ಲಿನಕ್ಸ್ ಹಾಕಿಕೊಳ್ಳಿ. ವಿಂಡೋಸ್ ತೆಗೆಯಲು ಇಷ್ಟವಿಲ್ಲದಿದ್ದರೆ ಅದರೊಳಗೇ ಲಿನಕ್ಸ್ ಓಡಿಸುವ ಡಬ್ಲ್ಯುಎಸ್‌ಎಲ್‌ನಲ್ಲೂ ಇದೆಲ್ಲ ನಡೆಯುತ್ತದೆ. ಮೊದಲು ಆ ಎರಡು ಥ್ರೆಡ್‌ಗಳ ಕೌಂಟರ್ ಬರೆಯಿರಿ, ಹತ್ತು ಸಲ ಓಡಿಸಿ, ಹತ್ತೂ ಸಂಖ್ಯೆಗಳನ್ನು ನೋಟ್‌ಬುಕ್‌ನಲ್ಲಿ ಬರೆದಿಡಿ. ಮುಂದೆ ಎಕ್ಸ್‌ವಿ6 ಬಿಲ್ಡ್ ಆಗದೆ ಎಲ್ಲಾದರೂ ನಿಂತರೆ, ತೆರೆಯ ಮೇಲೆ ಬಂದ ಕೊನೆಯ 20 ಸಾಲುಗಳನ್ನು ಹಾಗೇ ನನಗೆ ಬರೆದು ಕಳಿಸಿ.